ಮೂರನೆಯ ಕಾಲಮ್ಮಿನಲ್ಲಿ ಕಾವಶಿ

ಹೊಸ ಖಣದ ಘಡಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಗಂಜಿಯದು, ಬಣ್ಣದ್ದು, ಕಪಾಟಿನ ಕತ್ತಲೆಯಲ್ಲಿ ಬಹಳ ದಿನ ಮಲಗಿದ್ದ ಬಟ್ಟೆಯದು, ಎಲ್ಲ ಸೇರಿ ತುಸು ಹುಳಿ, ತುಸು ಬೆಚ್ಚಗೆ. ಹೋದ ತಿಂಗಳು ಸಾಂಗ್ಲಿವಾಡಿಯಲ್ಲಿ ಒಂದು ವಾಸ್ತುಶಾಂತಿಗೆ ಹೋಗಿದ್ದೆ. ಉಡಿ ತುಂಬಿ, ಹಸಿರು ಖಣವೊಂದನ್ನು ಕೈಯಲ್ಲಿಟ್ಟರು. ಈ ವಯಸ್ಸಿನಲ್ಲಿ ನಾನು ಅದರಿಂದ ಕುಪ್ಪಸ ಹೊಲಿಸುವುದು ಅಷ್ಟರಲ್ಲೇ ಇದೆ. ಆದರೂ ರಿಕ್ಷಾ ಕೃಷ್ಣೆಯ ಸೇತುವೆ ಹತ್ತಿದಾಗ ಸುಮ್ಮನೆ ಬಿಚ್ಚಿ ಮೂಗಿಗೆ ಹಿಡಿದೆ, ಹಿಡಿದವಳು ಇಳಿಸಲೇ ಇಲ್ಲ. ರಿಕ್ಷಾದವನು ಕನ್ನಡಿಯಲ್ಲಿ ನೋಡಿ, "ಕಾಯ ಆಜೀ, ಖರಾಬ್ ಆಹೇ ಕಾ?" ಎಂದ. ಖರಾಬೇನಿಲ್ಲಪ್ಪಾ ಎಂದೆ. ಇದು ನಮ್ಮ ಕಾವಶಿಯ ತೋಳಿನ ವಾಸನೆ ಎಂದು ಅವನಿಗೆ ಹೇಗೆ ಹೇಳಲಿ? ನಿಮಗೂ ಇಂಥದೊಂದು ವಾಸನೆ ಎಲ್ಲೋ ಕಾದು ಕುಳಿತಿರುತ್ತದೆ. ಅದು ಸಿಕ್ಕಿದ ಕ್ಷಣ ನಿಮ್ಮ ವಯಸ್ಸು ಒಂಬತ್ತು, ನಿಮ್ಮ ಮನೆ ಇನ್ನೂ ನಿಂತಿದೆ, ಒಳಗೆ ಯಾರೋ ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದಾರೆ.

ನಮ್ಮದು ಮಿರಜಿನ ಪೇಟೆಯಲ್ಲಿ ಮುಂದೆ ಬಟ್ಟೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಓಣಿಯಷ್ಟು ಉದ್ದದ ಕತ್ತಲೆ ಪಡಸಾಲೆ. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ನಮ್ಮ ತಂದೆಯ ತಂದೆ, ನಾವೆಲ್ಲ ಮುತ್ಯಾ ಎನ್ನುತ್ತಿದ್ದವರು, ಆ ಅಂಗಡಿಯ ಯಜಮಾನರು. ಅವರ ಮೂವರು ಮಕ್ಕಳಲ್ಲಿ ಹಿರಿಯರು ನಮ್ಮ ಅಪ್ಪ, ಕಿರಿಯಳು ಶಾಂತಾ ಆತ್ಯಾ. ನಡುವಿನವರೇ ಕಾವಶಿ. ಸಾಲಿಯ ರಜಿಸ್ಟರಿನಲ್ಲಿ ಚನ್ನಬಸಪ್ಪ ಎಂದಿತ್ತಂತೆ, ಮನೆಯಲ್ಲಿ ಎಲ್ಲರಿಗೂ ಚನ್ನು. ನನಗೆ ಮಾತು ಬರುವ ಹೊತ್ತಿಗೆ ಅಪ್ಪ ಅವರನ್ನು ಕಾಕಾ, ಎಂದರೆ ಚಿಕ್ಕಪ್ಪ, ಅನ್ನು ಎಂದು ಕಲಿಸುತ್ತಿದ್ದರು, ಅಂಗಡಿಗೆ ಬರುವ ಹೆಂಗಸರ ಮಕ್ಕಳು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕೂಗುತ್ತಿದ್ದರು. ನನ್ನ ನಾಲಿಗೆ ಎರಡನ್ನೂ ಕಲಸಿ ಕಾವಶಿ ಎಂದಿತು. ಎಲ್ಲರೂ ನಕ್ಕರಂತೆ, ತಿದ್ದಲು ಹೊರಟರಂತೆ. "ಇರ್ಲಿ ಬಿಡ್ರಿ, ಪೋರಿ ನನ್ನ ಅಳತಿಗೆ ಸರಿಯಾಗಿ ಹೊಲದೈತಿ" ಎಂದು ಅವರೇ ತಡೆದರಂತೆ. ಅಂದಿನಿಂದ ಆ ಶಬ್ದ ನಮ್ಮ ಮನೆಯಲ್ಲಿ ನಿಂತಿತು. ಜಗತ್ತಿನ ಯಾವ ಡಿಕ್ಷನರಿಯಲ್ಲೂ ಅದು ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ಅವರು ಹೇಗಿದ್ದರು ಎಂದರೆ, ಬಿಳಿ ಧೋತರ, ತುಂಬುತೋಳಿನ ಅಂಗಿ, ತಲೆಗೆ ಬಿಳಿ ಟೋಪಿ. ಟೋಪಿಯೊಳಗೆ ಸುತ್ತಿಟ್ಟ ಉದ್ದ ಕೂದಲಿನ ಗಂಟು. ಎಡಗೈಗೆ ಗಡಿಯಾರ, ಬಲಗೈಗೆ ಎರಡು ಹಸಿರು ಗಾಜಿನ ಬಳೆ. ನನಗೆ ಇದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಎಡಗೈಯವರು ಟೈಮ್ ಹೇಳುತ್ತಿದ್ದರು, ಬಲಗೈಯವರು ರೊಟ್ಟಿ ಬಡಿಯುವಾಗ ಸದ್ದು ಮಾಡುತ್ತಿದ್ದರು, ಇಬ್ಬರೂ ನನ್ನವರೇ. ಅಂಗಡಿಯಲ್ಲಿ ಮದುವೆಯ ಜವಳಿಗೆ ಆರಗ, ಸಲಗರೆಯಂಥ ಹಳ್ಳಿಗಳಿಂದ ಬಂದ ಜನ ಬೇರೆ ಗುಮಾಸ್ತರನ್ನು ಬಿಟ್ಟು ಕಾವಶಿಯ ಮುಂದೆಯೇ ಕೂಡುತ್ತಿದ್ದರು. ಇಳಕಲ್ಲಿನ ಸೀರೆಯೊಂದನ್ನು ಝಾಡಿಸಿ ಬಿಚ್ಚಿ, ತಮ್ಮ ಮೈಗೇ ನಿರಿಗೆ ಹಿಡಿದು, ಕೆಂಪು ಸೆರಗನ್ನು ಹೆಗಲ ಮೇಲೆ ಇಳಿಬಿಟ್ಟು ಎದ್ದುನಿಂತರೆ ಗದ್ದಲ ನಿಲ್ಲುತ್ತಿತ್ತು. ಪೇಟೆಯ ಬೇರೆ ಅಂಗಡಿಗಳಲ್ಲೂ ಗಂಡಸರು ಹೀಗೆ ಸೀರೆ ಹೊದ್ದು ತೋರಿಸುತ್ತಾರೆ. ಅಲ್ಲಿ ಅದು ಗೂಟಕ್ಕೆ ನೇತುಹಾಕಿದ ಸೀರೆ. ಇಲ್ಲಿ ಸೀರೆಗೆ ಜೀವ ಬರುತ್ತಿತ್ತು. ಒಮ್ಮೆ ಸಲಗರೆಯ ಮುದುಕಿಯೊಬ್ಬಳು ಬಾಯಿ ಬಿಟ್ಟು ನೋಡಿ, "ಸಾವಕಾರ್ರಿಗೆ ಒಪ್ಪತೈತಿ ಖರೆ, ನನ್ನ ಸೊಸಿಗೆ ಒಪ್ಪಬೇಕಲ್ಲ, ಅಕಿ ಎಮ್ಮಿ ಅದಾಳ!" ಎಂದಳು. ಕಾವಶಿ ಸೆರಗು ಸರಿಪಡಿಸುತ್ತ, "ಎಮ್ಮಿಗೆ ಕಪ್ಪ ಬ್ಯಾಡಬೇ, ಈ ದಾಳಿಂಬ್ರಿ ಬಣ್ಣಾ ಒಯ್ಯಿ" ಎಂದರು. ಅದೇ ನಿಲುವಿನಲ್ಲಿ ಸೀರೆ ಕಳಚಿ, ಮದುಮಗನಿಗೆಂದು ಆರಿಸಿದ ಜರಿ ರುಮಾಲನ್ನು ತಮ್ಮ ತಲೆಗೆ ಸುತ್ತಿ, ಕುತ್ತಿಗೆ ತುಸು ಸೆಟೆಸಿ ಕುಳಿತರೆ ಮದುಮಗನೂ ಅಲ್ಲಿಯೇ ಇರುತ್ತಿದ್ದ. ಒಂದು ಗದ್ದಿಗೆಯ ಮೇಲೆ, ಒಂದೇ ಮೈಯಲ್ಲಿ, ಇಡೀ ಮದುವೆ.

ಗಿರಾಕಿಗಳ ಜೊತೆ ಮರಾಠಿ ಬೇಕು. ಮರಾಠಿಯಲ್ಲಿ ನಾನು ಬರುತ್ತೇನೆ ಎನ್ನಲು ಗಂಡಸು ಯೇತೋ ಅನ್ನಬೇಕು, ಹೆಂಗಸು ಯೇತೇ ಅನ್ನಬೇಕು. ನಮ್ಮ ಭಾಗದ ಹೊಲಗದ್ದೆಯ ಹೆಂಗಸರು ಅದನ್ನು ಲೆಕ್ಕಕ್ಕಿಡದೆ ಗಂಡಸರಂತೆ ಯೇತೋ ಎಂದುಬಿಡುತ್ತಾರೆ, ಆ ಮಾತು ಬೇರೆ. ಕಾವಶಿ ಮಾತ್ರ ಎರಡೂ ಬಳಸುತ್ತಿರಲಿಲ್ಲ. ಆಮ್ಹೀ, ಎಂದರೆ ನಾವು, ಎಂದೇ ಶುರು ಮಾಡುತ್ತಿದ್ದರು. ನಾವು ಎಂದಾಗ ಮರಾಠಿ ಕ್ರಿಯಾಪದ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. "ಏನು ಸರಕಾರ, ರಾಜರ ಮನೆತನವೋ?" ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಅದು ದೌಲತ್ತಲ್ಲ, ಅಡಗಲು ಹುಡುಕಿಕೊಂಡ ಒಂದು ಮೂಲೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮನೆಯೊಳಗೆ ಬಂದರೆ ಕನ್ನಡ. ನಾ ಬರತೇನಿ, ನಾ ಉಣತೇನಿ. ಯಾರು ಹೇಳಿದರೂ ಅಷ್ಟೇ. ಪಡಸಾಲೆ ದಾಟುತ್ತಿದ್ದಂತೆ ಅವರ ಹೆಗಲು ಸಡಿಲಾಗುತ್ತಿದ್ದದ್ದು ನನ್ನ ಕಣ್ಣಲ್ಲಿದೆ.

ಮುತ್ಯಾ ಸ್ವಂತ ಮಗುವನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ಚನ್ನು ಉಂಡ್ರೇನು? ಅವ್ರು ಉಂಡ ಮ್ಯಾಲ ನನಗ ನೀಡ್ರಿ." ಅಪ್ಪನಿಗೆ ನೀನು, ಆತ್ಯಾನಿಗೆ ನೀನು, ಕಾವಶಿಗೆ ಮಾತ್ರ ಅವರು. ಸಣ್ಣವರಿದ್ದಾಗ ನೆಂಟರು ಇದನ್ನು ದೇವಿಗೆ ಬಿಟ್ಟುಬಿಡಿ, ಅಲ್ಲಿ ಇಂಥವರಿಗೆ ಜಾಗವಿದೆ ಎಂದಿದ್ದರಂತೆ. "ದೇವ್ರಿಗೆ ಬಿಡಾಕ ಅಷ್ಟ ದೂರ ಯಾಕ ಹೋಗೂದು? ನಮ್ಮ ಮನ್ಯಾಗ ದೇವ್ರಿಲ್ಲೇನು?" ಎಂದಿದ್ದರಂತೆ ಮುತ್ಯಾ.

ನನ್ನನ್ನು ಕಾನ್ವೆಂಟಿಗೆ ಹಾಕಿದ್ದು ಅಪ್ಪನ ಹಟ. ಬೂದು ಸ್ಕರ್ಟು, ಬಿಳಿ ಬ್ಲೌಸು, ಬ್ಲೌಸಿನೊಳಗೆ ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ನನ್ನ ಇಷ್ಟಲಿಂಗ. ಬೆಳಿಗ್ಗೆ ಪೂಜೆ, ಒಂಬತ್ತಕ್ಕೆ ಅವರ್ ಫಾದರ್, ಎರಡರ ನಡುವೆ ನನಗೆ ಜಗಳ ಕಾಣಲಿಲ್ಲ. ಜಗಳ ಬಂದದ್ದು ಮರಾಠಿ ಪೀರಿಯಡ್ಡಿನಲ್ಲಿ. ಟೀಚರ್ ಬೋರ್ಡಿನ ಮೇಲೆ ದೊಡ್ಡದಾಗಿ ‘ಲಿಂಗ ಬದಲಾ’ ಎಂದು ಬರೆದು, ಇದು ನಾಳೆಯ ಹೋಮ್‌ವರ್ಕ್ ಎಂದರು. ಲಿಂಗ ಬದಲಿಸಿ! ಪ್ರಾಣ ಹೋದರೂ ಎದೆಯಿಂದ ಇಳಿಸಬಾರದೆಂದು ಮುತ್ಯಾ ಕಟ್ಟಿದ್ದನ್ನು ಬದಲಿಸಿಕೊಂಡು ಬರಬೇಕೆ? ಕೆಳಗಿನ ಶಬ್ದಗಳನ್ನು ಅರ್ಥ ನೋಡದೆ ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಅಷ್ಟೇ. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಓಡಿದೆ.

"ಕಾವಶಿ, ನಾ ನಾಳಿಂದ ಸಾಲಿಗೆ ಹೋಗಂಗಿಲ್ಲ. ಲಿಂಗಾ ಬದಲ ಮಾಡ್ಕೊಂಡ ಬರ್ರಿ ಅಂದಾರ."

"ಯಾರದು ಬದಲ ಮಾಡಬೇಕಂತ?"

"ಎಲ್ಲಾರದೂ. ಹತ್ತ ಮಾರ್ಕಿಗೆ ಐತಿ."

ನನ್ನ ನೋಟ್‌ಬುಕ್ ತೆರೆದು ನೋಡಿದ ಕಾವಶಿ ನಕ್ಕರು ನೋಡಿ, ಟೋಪಿ ಬಿದ್ದು, ಗಂಟು ಬಿಚ್ಚಿ, ಕೂದಲು ಬೆನ್ನ ತುಂಬ ಹರಡಿತು. ಹಾಗೇ ನನ್ನನ್ನು ಎತ್ತಿಕೊಂಡು ಹೋಗಿ ಮುತ್ಯಾನ ಮುಂದೆ ಇಳಿಸಿದರು. ಮುತ್ಯಾ ನಗಲಿಲ್ಲ. "ಅವ್ವಾ, ಅದು ವ್ಯಾಕರಣದ ಲಿಂಗ. ಇದು ಎದಿ ಮ್ಯಾಲಿಂದು. ಇದಕ್ಕ ಗಂಡಸು ಹೆಂಗಸು ಅನ್ನೂದು ಗೊತ್ತಿಲ್ಲ. ಅದಕ್ಕ ನನಗೂ ನಿಮ್ಮವ್ವಗೂ ಒಂದ ನಮೂನಿದು ಕೊಟ್ಟಾರ" ಎಂದರು. ಆಮೇಲೆ ಕಾವಶಿ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೋಮ್‌ವರ್ಕ್ ಮಾಡಿಸಿದರು. ರಾಜಾಗೆ ರಾಣಿ, ಘೋಡಾಗೆ ಘೋಡೀ, ಕಾಕಾಗೆ ಕಾಕು. ಸರಸರ ಮುಗಿಯಿತು. "ಕಾವಶಿಗೆ?" ಎಂದೆ. ಅವರು ಬಳೆಯ ಕೈಯಿಂದ ಪೆನ್ಸಿಲನ್ನು ನನ್ನ ಕಡೆ ಸರಿಸಿದರು. "ಅದನ್ನ ನಿಮ್ಮ ಟೀಚರಗ ಕೇಳು. ನನಗೂ ಹೇಳು" ಎಂದರು.

ಕೇಳಿದೆ. ಎರಡೂ ಅಲ್ಲದ್ದನ್ನು ಎಲ್ಲಿ ಬರೆಯಬೇಕೆಂದು ನಾನು ಕೇಳಿದ್ದು ಮನುಷ್ಯರ ಬಗ್ಗೆ ಎಂದು ಟೀಚರಿಗೆ ಗೊತ್ತಾಗುವಂತಿರಲಿಲ್ಲ. ಅವರು ಬೋರ್ಡಿನ ಮೇಲೆ ಮೂರು ಕಾಲಮ್ ಹಾಕಿದರು. ಪುಲ್ಲಿಂಗಕ್ಕೆ ತೋ, ಅವನು. ಸ್ತ್ರೀಲಿಂಗಕ್ಕೆ ತೀ, ಅವಳು. ಎರಡೂ ಅಲ್ಲದ್ದು ಮೂರನೆಯದರಲ್ಲಿ, ನಪುಂಸಕಲಿಂಗ, ತೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ನೋಟ್‌ಬುಕ್ಕಿನ ಮೂರನೆಯ ಕಾಲಮ್ಮಿನಲ್ಲಿ ಝಾಡ ಎಂಬ ಮರದ ಕೆಳಗೆ, ಫೂಲ ಎಂಬ ಹೂವಿನ ಕೆಳಗೆ, ಅಂದವಾಗಿ ಕಾವಶಿ ಎಂದು ಬರೆದೆ. ಮರ, ಹೂವು, ಕಾವಶಿ. ಒಳ್ಳೆಯ ಕಂಪನಿ ಎನಿಸಿತು. ಇಂಗ್ಲಿಷಿನಲ್ಲೂ ಖಾತ್ರಿ ಮಾಡಿಕೊಳ್ಳೋಣವೆಂದು ಹೊಲಿಗೆ ಕ್ಲಾಸಿನಲ್ಲಿ, "ಸಿಸ್ಟರ್, ಈಸ್ ದ ಸೋಲ್ ಮ್ಯಾಸ್ಕ್ಯುಲಿನ್ ಆರ್ ಫೆಮಿನಿನ್?" ಎಂದು ಕೇಳಿದೆ. "ದ ಸೋಲ್ ಈಸ್ ದ ಸೋಲ್, ಚೈಲ್ಡ್. ಫಿನಿಶ್ ಯುವರ್ ಹೆಮ್ಮಿಂಗ್" ಎಂದರು ಸಿಸ್ಟರ್. ಮುತ್ಯಾ ಹೇಳಿದ್ದೂ ಅದೇ ಅಲ್ಲವೇ? ಆತ್ಮದ ವಿಷಯದಲ್ಲಿ ದೊಡ್ಡವರೆಲ್ಲ ಒಪ್ಪಿಕೊಂಡಿರುವಾಗ ಅದು ತೊಟ್ಟ ಮೈಯ ಬಗ್ಗೆ ಯಾಕೆ ಇಷ್ಟು ವಿಚಾರಣೆ ಎಂದು ಆಗ ಕೇಳಬೇಕಿತ್ತು. ಒಂಬತ್ತು ವರ್ಷದವಳಿಗೆ ಹೆಮ್ಮಿಂಗ್ ಮುಗಿಸುವುದೇ ದೊಡ್ಡದಾಗಿತ್ತು.

ಕಾವಶಿಗೆ ನಾನು ಈ ಉತ್ತರ ಹೇಳುವ ಮೊದಲೇ ಶಾಂತಾ ಆತ್ಯಾನನ್ನು ನೋಡಲು ಸಾಂಗ್ಲಿಯಿಂದ ಗಂಡಿನ ಕಡೆಯವರು ಬಂದರು. ಆತ್ಯಾನಿಗೆ ಆಗಲೇ ಮೂರು ಸಂಬಂಧ ತಪ್ಪಿತ್ತು. ಬಂದವರು ನಮ್ಮ ಜನವೇ, ಅರಿಷಿಣದ ವ್ಯಾಪಾರಿಗಳು, ಆದರೆ ಎರಡು ತಲೆಮಾರಿನಿಂದ ಮನೆಯಲ್ಲೂ ಮರಾಠಿ. ಪಡಸಾಲೆಯಲ್ಲಿ ಜಮಖಾನ ಹಾಸಿ ಶಿರಾ, ಪೋಹೆ ಕೊಟ್ಟಾಯಿತು. ಕಾವಶಿ ಚಹದ ತಾಟು ಹಿಡಿದು ಬಂದರು. ವರನ ಕಾಕು ದಪ್ಪ ಹೆಂಗಸು, ಕಣ್ಣು ಚುರುಕು. ಅವಳ ನೋಟ ಗಡಿಯಾರದಿಂದ ಬಳೆಗೆ, ಬಳೆಯಿಂದ ಗಡಿಯಾರಕ್ಕೆ ಹೋಗಿ ಬಂತು. ದೊಡ್ಡವರನ್ನು ಕೇಳಲಾಗದ್ದನ್ನು ಮಗುವಿಗೆ ಕೇಳುವುದು ಎಲ್ಲ ಊರಿನ ರೂಢಿ. ನನ್ನನ್ನು ಹತ್ತಿರ ಎಳೆದು, ಕಾನ್ವೆಂಟಿನ ಹುಡುಗಿಯಂತೆ, ಜಾಣೆಯಂತೆ ಎಂದು ಗಲ್ಲ ಸವರಿ, "ತೋ ತುಝಾ ಕೋಣ?" ಎಂದಳು. ಅವನು ನಿನಗೇನಾಗಬೇಕು?

"ತೋ ನಾಹೀ" ಎಂದೆ. ಅವನಲ್ಲ.

"ಮಗ ತೀ?" ಹಾಗಾದರೆ ಅವಳೇ?

"ತೀ ಪಣ ನಾಹೀ." ಅವಳೂ ಅಲ್ಲ. ಟೀಚರಿಗೆ ಉತ್ತರ ಹೇಳುವಾಗ ನಿಲ್ಲುವಂತೆ ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತು, ಮನೆಯವರೆಲ್ಲ ಹೆಮ್ಮೆಪಡಲಿ ಎಂದು ಗಟ್ಟಿಯಾಗಿ ಹೇಳಿದೆ: "ಆಮಚಂ ಕಾವಶಿ ನಪುಂಸಕಲಿಂಗೀ ಆಹೇ."

ನನಗೆ ಅದು ಮರ, ಹೂವುಗಳ ಸಾಲು. ಅಲ್ಲಿ ಕುಳಿತವರಿಗೆ ಅದು ಏನೆಂದು ಕೇಳಿಸಿತು ಎಂಬುದನ್ನು ಈಗ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಗಂಡಸು ಕೆಮ್ಮಿದ. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕಿ ಕುಲುಕಿ ನಕ್ಕು, "ಅಗಬಾಯಿ! ಕಾನ್ವೆಂಟಾತ ಹೇ ಪಣ ಶಿಕವತಾತ?" ಎಂದಳು, ಇದನ್ನೂ ಕಲಿಸುತ್ತಾರೆಯೇ ಎಂದು. ಅಪ್ಪನ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. ಕಾವಶಿ ಮಾತ್ರ ಅವಳ ಮುಂದೆ ಚಹದ ಕಪ್ಪು ಇಟ್ಟರು. "ಚಾ ಆರತೈತ್ರಿ, ತೊಗೋರಿ. ನಮ್ಮ ಬೇಬಿ ವ್ಯಾಕರಣದಾಗ ಕ್ಲಾಸಿಗೇ ಫಸ್ಟ್" ಎಂದರು. ಹಾದುಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಉತ್ತರ ಸರಿಯಾಗಿದೆಯೆಂದೇ ನಾನು ತಿಳಿದೆ.

ಎಂಟು ದಿನಕ್ಕೆ ಸಂಬಂಧ ತಂದಿದ್ದ ಮಧ್ಯಸ್ಥರು ಸುದ್ದಿ ತಂದರು. ಹುಡುಗಿ ಪಸಂತ್. ಒಂದೇ ಮಾತು. "ಲಗ್ನದ ಮಾಂಡವದಾಗ ಅದು ಕಾಣಬಾರದಂತ್ರಿ. ನಾಳಿ ನಾಕ ಮಂದಿ ಕೇಳ್ತಾರ."

"ಯಾವುದು ಅದು?" ಎಂದರು ಮುತ್ಯಾ. "ನಮ್ಮ ಮನ್ಯಾಗ ಅದು ಅನ್ನೂವಂಥಾದ್ದು ಹಿತ್ತಲದಾಗ ಒಂದ ಎಮ್ಮಿ ಐತಿ. ಅದನ್ನ ಮಾಂಡವಕ್ಕ ತರಂಗಿಲ್ಲಂತ ಹೇಳ್ರಿ. ಚನ್ನು ಇರದ ಮಾಂಡವ ನಾ ಹಾಕಂಗಿಲ್ಲ."

ಮಧ್ಯಸ್ಥರು ಎದ್ದುಹೋದರು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಮರೆಗೆ ಕುಳಿತು ಆತ್ಯಾ ಸದ್ದಿಲ್ಲದೆ ಅಳುತ್ತಿದ್ದಳು. ಅವಳನ್ನು ನಾನು ನೋಡಿದೆ, ನನ್ನ ಹಿಂದೆಯೇ ಬಂದ ಕಾವಶಿಯೂ ನೋಡಿದರು. ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಆತ್ಯಾನ ಮದುವೆಯ ಸೀರೆಯನ್ನು ತಾವೇ ಆರಿಸಿ, ಉಟ್ಟು ತೋರಿಸಿದರು. ವರನ ರುಮಾಲನ್ನು ಸುತ್ತಿ, ಆಕಾರ ಕೆಡದಿರಲೆಂದು ಹಿತ್ತಾಳೆಯ ಕೊಡದ ಮೇಲೆ ಕೂಡಿಸಿಟ್ಟರು. ಆಮೇಲೆ ಮುತ್ಯಾನಿಗೂ ಅಪ್ಪನಿಗೂ ಒಟ್ಟಿಗೆ ಹೇಳಿದರು. "ನಮ್ಮ ಆರಗದ ಹೊಲದಾಗ ಜ್ವಾಳಾ ನೋಡಾಕ ಯಾರರ ಹೋಗಬೇಕಲ್ಲ, ನಾ ಹೋಗತೇನಿ. ಲಗ್ನ ಆಗಿ ನೆಂಟಸ್ತಾನ ಕುದರಿದ ಮ್ಯಾಲ ಹೇಳಿ ಕಳಸ್ರಿ. ಬರತೇನಿ." ಮುತ್ಯಾ ಒಪ್ಪಲಿಲ್ಲ, ಬೇಡವೆಂದೂ ಅನ್ನಲಾಗಲಿಲ್ಲ. ಕಾವಶಿ ಟ್ರಂಕು ಹಿಡಿದು ಹಗಲು ಹೊತ್ತಿನ ಬಸ್ಸಿಗೆ ಹೋದರು. ಮದುವೆಯಲ್ಲಿ ಆ ಕಾಕು ವರನ ರುಮಾಲನ್ನು ಬಹಳ ಹೊಗಳಿ, ಸುತ್ತಿದವರು ಯಾರು ಎಂದು ಕೇಳಿದಳು. ಯಾರೂ ಹೇಳಲಿಲ್ಲ.

ಯಾರೂ ಅವರನ್ನು ಹೊರಹಾಕಲಿಲ್ಲ. ಹೇಳಿ ಕಳಿಸಲಿಲ್ಲ, ಅಷ್ಟೇ. ಮುಂದಿನ ವರ್ಷ ಮುತ್ಯಾ ಲಿಂಗೈಕ್ಯರಾದಾಗ ಕಾವಶಿ ಬಂದು, ಮಣ್ಣು ಕೊಟ್ಟು, ಸಂಜೆಯ ಬಸ್ಸಿಗೆ ಮರಳಿದರು. ಸಾಂಗ್ಲಿಯ ಬೀಗರು ಅಲ್ಲೇ ಇದ್ದರು. ಆಮೇಲೆ ಆತ್ಯಾನ ಬಾಣಂತನ ಆಗಲಿ ಎಂದರು, ಅದಾದ ಮೇಲೆ ದೀಪಾವಳಿ ಕಳೆಯಲಿ ಎಂದರು. ಮನೆಯಲ್ಲಿ ಕಾವಶಿಯ ಶಬ್ದ ಕಡಿಮೆಯಾಗುತ್ತ ಬಂದು ಒಂದು ದಿನ ನಿಂತಿತು. ನಾನು ಬೆಳೆದೆ. ನಪುಂಸಕ ಎಂಬ ಶಬ್ದಕ್ಕೆ ಪೇಟೆಯಲ್ಲಿ ಏನರ್ಥ ಎಂದು ಯಾವುದೋ ಜಗಳದಲ್ಲಿ ಕೇಳಿ ತಿಳಿದ ದಿನ ನನಗೆ ಹದಿಮೂರು.

ಹತ್ತೊಂಬತ್ತಕ್ಕೆ, ಕಾಲೇಜು ತಪ್ಪಿಸಿ, ಯಾರಿಗೂ ಹೇಳದೆ ಆರಗದ ಬಸ್ಸು ಹತ್ತಿದೆ. ಕಾವಶಿ ಹೊಲದ ಮನೆಯ ಕಟ್ಟೆಯ ಮೇಲೆ ಮಿಷನ್ ಇಟ್ಟುಕೊಂಡು ಊರ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಟೋಪಿ ಇರಲಿಲ್ಲ. ನರೆತ ಜಡೆ ಹೆಗಲ ಮೇಲಿಂದ ಮುಂದಕ್ಕೆ ಬಿದ್ದಿತ್ತು. ನನ್ನನ್ನು ನೋಡಿ ಸೂಜಿ ನಿಲ್ಲಿಸಿದರು. "ಬೇಬಿ? ಎಷ್ಟ ಉದ್ದ ಆಗೀಯವ್ವಾ, ಐದ ವಾರದ ಸೀರಿ ನಿನಗ ಗಿಡ್ಡ ಆದೀತು!" ರೊಟ್ಟಿ ಬಡಿದರು, ಎಣ್ಣೆಗಾಯಿ ನೀಡಿದರು, ಎದುರಿಗೆ ಕುಳಿತು ನಾನು ಉಣ್ಣುವುದನ್ನು ನೋಡಿದರು. ನಾನು ತುತ್ತನ್ನು ತಾಟಿಗಿಟ್ಟೆ.

"ಕಾವಶಿ, ಅವತ್ತ ನಾ ಅಂದಿದ್ದು..."

"ಅವತ್ತ ನೀ ಸುಳ್ಳ ಹೇಳಿದ್ಯೇನು?"

"ಇಲ್ಲ."

"ಮತ್ತ? ಉಣ್ಣು."

"ಮನಿಗೆ ಬರ್ರಿ. ಕರಕೊಂಡ ಹೋಗಾಕ ಬಂದೇನಿ."

ಅವರು ಥಟ್ಟನೆ ನೆಟ್ಟಗೆ ಕುಳಿತರು. ಕೈ ತಾನಾಗಿ ಜಡೆಯ ಕಡೆ ಹೋಗಿ ಅದನ್ನು ಗಂಟು ಹಾಕತೊಡಗಿತು, ಹೊರಡುವವರಂತೆ. ಹತ್ತು ವರ್ಷ ಆ ಮನೆಯ ಬಾಗಿಲಲ್ಲಿ ಕುಳಿತು ಬಸ್ಸಿನ ಸದ್ದು ಕೇಳಿದ ಮುಖ ನನ್ನ ಮುಂದೆ ಬೆಳಗಿತು. "ಯಾರ ಹೇಳಿ ಕಳಿಸ್ಯಾರ?" ಎಂದರು. "ಅಣ್ಣಾ ಹೇಳ್ಯಾನೇನು?"

ಹೂಂ ಎಂದಿದ್ದರೆ ಸಾಕಿತ್ತು. ಒಂದು ಅಕ್ಷರ. ಬಾಗಿಲಿಗೆ ಬಂದವರನ್ನು ಅಪ್ಪ ಎಂದೂ ತಿರುಗಿಸುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ನನ್ನನ್ನು ಸುಳ್ಳು ಹೇಳಬಾರದು ಎಂದು ಬೆಳೆಸಿದ್ದರು. ಮಾರಲ್ ಸೈನ್ಸಿನಲ್ಲಿಯೂ ನಾನು ಫಸ್ಟ್. "ಇಲ್ಲ, ಯಾರೂ ಹೇಳಿಲ್ಲ, ನಾನ ಬಂದೇನಿ" ಎಂದೆ. ಗಂಟು ಹಾಕುತ್ತಿದ್ದ ಕೈ ಕೆಳಗಿಳಿಯಿತು. "ಹಂಗೇನು" ಎಂದರು ಮೆಲ್ಲಗೆ. "ಇನ್ನೊಂದ ರೊಟ್ಟಿ ಹಾಕ್ಲಿ?"

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬಟ್ಟೆ ಅಳೆಯುತ್ತಿದ್ದ ಗಜಕೋಲು ಹಾಗೇ ನಿಂತಿತು. "ಆರಾಮ ಅದಾರೇನು?" ಎಂದರು. ಗಜಕೋಲು ಕೆಳಗಿಟ್ಟು, "ಬರಬ್ಯಾಡ್ರಿ ಅಂತ ನಾ ಎಂದೂ ಅಂದಿಲ್ಲ ಬೇಬಿ" ಎಂದರು. ಬರ್ರಿ ಅಂತನೂ ಅಂದಿರಲಿಲ್ಲ. ಎರಡು ವರ್ಷಕ್ಕೆ ಆರಗದಿಂದ ಸುದ್ದಿ ಬಂದಾಗ ಅಪ್ಪ ಅಂಗಡಿಯ ಗದ್ದಿಗೆಯ ಮೇಲೆ ಕುಳಿತು, ಗಿರಾಕಿಗಳ ಎದುರಿಗೇ, ಮಗುವಿನಂತೆ ಅತ್ತರು.

ಈಗಿನ ಮಕ್ಕಳು ಈ ವಿಷಯವನ್ನು ಧೈರ್ಯದಿಂದ ಮಾತಾಡುತ್ತಾರೆ. ನನ್ನ ತಮ್ಮನ ಮೊಮ್ಮಗಳು ಮೊನ್ನೆ ಯಾವುದೋ ಫಾರ್ಮು ತುಂಬುತ್ತ, "ಆಜೀ, ಈಗ ಮೂರನೇ ಆಪ್ಷನ್ ಇದೆ ನೋಡು" ಎಂದು ಮೊಬೈಲಿನಲ್ಲಿ ತೋರಿಸಿದಳು. ಮೇಲ್, ಫೀಮೇಲ್, ಅದರ್. ಒಳ್ಳೆಯದೇ. ಆದರೆ ಆ ಅದರ್ ಎಂಬ ಮಾತು ನನಗೆ ಚುಚ್ಚಿತು. ನಮ್ಮ ಮನೆಯಲ್ಲಿ ಕಾವಶಿ ಇತರೆ ಆಗಿರಲಿಲ್ಲ, ಮುತ್ಯಾನ ಬಲಗಡೆಯ ತಾಟು ಅವರದು. ಅವರಿಗೆ ಕಾಲಮ್ಮಿನ ಕೊರತೆ ಇರಲಿಲ್ಲ, ಕರೆಯುವವರ ಕೊರತೆ ಇತ್ತು. ಇದನ್ನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಹೀ, ಶೀ ಎರಡರ ಹೊಸ್ತಿಲಲ್ಲೂ ಎಡವಿ, ಕನ್ನಡಕ್ಕೆ ಬಂದು, ಅವಳಿಗೆ ಕನ್ನಡ ಅರ್ಧವೇ ಬರುತ್ತದೆಂದು ನೆನಪಾಗಿ ಸುಮ್ಮನಾದೆ.

ಸಾಂಗ್ಲಿವಾಡಿಯಿಂದ ಬಂದ ಮರುದಿನ ಆರಗಕ್ಕೆ ಹೋದೆ. ಹೊಲ ಎಂದೋ ಬೇರೆಯವರದಾಗಿದೆ, ಸುತ್ತ ದ್ರಾಕ್ಷಿ ಬಳ್ಳಿಗಳು. ಬದುವಿನ ಮೇಲೆ ಸಮಾಧಿಯ ಕಟ್ಟೆಯನ್ನು ಮಾತ್ರ ಉಳಿಸಿದ್ದಾರೆ. ಅದರ ಮೇಲೆ ಹೆಸರಿಲ್ಲ. ನಮ್ಮವರನ್ನು ಮಲಗಿಸಿ ಹೂಳುವುದಿಲ್ಲ, ಕೂಡಿಸುತ್ತಾರೆ, ಆದ್ದರಿಂದ ಅವರು ಅಲ್ಲಿ ಕುಳಿತೇ ಇದ್ದಾರೆ ಎಂದುಕೊಳ್ಳಲು ಕಷ್ಟವಾಗಲಿಲ್ಲ. ಬಳ್ಳಿಗೆ ಔಷಧ ಹೊಡೆಯುವವರು ದೂರದಲ್ಲಿದ್ದರು. ನಾನು ಮೊಣಕಾಲು ಹಿಡಿದು ಬಗ್ಗಿ, ಅಷ್ಟೂ ವರ್ಷ ಬಾಯಿಗೆ ಬಾರದ ಸುಳ್ಳನ್ನು ಒಂದೂ ಅಕ್ಷರ ತಡವರಿಸದೆ ಹೇಳಿದೆ.

"ಕಾವಶಿ, ಅಪ್ಪಾ ಹೇಳಿ ಕಳಿಸ್ಯಾರ. ಮನಿಗೆ ನಡೀರಿ."

ಒಬ್ಬರು ಎದ್ದು, ಕೂದಲು ಕಟ್ಟಿ, ಚಪ್ಪಲಿ ಮೆಟ್ಟಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದೆ.